ನಲವತ್ತೇಳರ ಎದುರು ಮಾತಾಡಬಾರದು

ಮಾರ್ಚ್ 3, ಸೋಮವಾರ

ಇವತ್ತಿನಿಂದ ನಾನು ಸಮಾಜಸೇವಕಿ. ಕೆಲಸ ಹೋದವರಿಗೆ ಸುಲಭವಾಗಿ ಸಿಗುವ ಹುದ್ದೆ ಇದೊಂದೇ. ಸಂಬಳವಿಲ್ಲ, ಬಡ್ತಿಯಿಲ್ಲ, ಯಾರನ್ನಾದರೂ ಬೈಯುವ ಅಧಿಕಾರವಂತೂ ಇಲ್ಲವೇ ಇಲ್ಲ.

ಇಪ್ಪತ್ತೊಂಬತ್ತು ವರ್ಷ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು "ಪ್ರಯಾಣಿಕರ ಗಮನಕ್ಕೆ" ಎಂದವಳು ನಾನು. ನನ್ನ ದನಿ ಕೇಳಿ ಚಹಾದ ಲೋಟವನ್ನು ಅರ್ಧಕ್ಕೇ ಬಿಟ್ಟು ಓಡಿದವರು ಅದೆಷ್ಟು ಸಾವಿರವೋ. ಡಿಸೆಂಬರಿನಲ್ಲಿ ಒಂದು ಪೆಟ್ಟಿಗೆ ತಂದು ನನ್ನ ಕುರ್ಚಿಯ ಮೇಲಿನ ಗೋಡೆಗೆ ಜಡಿದರು. ಅದರೊಳಗೊಬ್ಬಳು ಹುಡುಗಿಯಿದ್ದಾಳೆ. ಅವಳಿಗೆ ನೆಗಡಿಯಾಗುವುದಿಲ್ಲ, ಹಲ್ಲು ನೋಯುವುದಿಲ್ಲ, ಬಾಯಲ್ಲಿ ಸಕ್ಕರೆ ಇಟ್ಟುಕೊಂಡೇ ಮಾತಾಡುತ್ತಾಳೆ. ನನಗೆ ಒಂದು ಗೋಡೆ ಗಡಿಯಾರ ಕೊಟ್ಟು, ಕೈ ಕುಲುಕಿ ಕಳಿಸಿದರು. ಹೊತ್ತು ಹೋಗುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಲು ಆ ಗಡಿಯಾರ ಬಹಳ ಅನುಕೂಲವಾಗಿದೆ.

ಮನೆಯಲ್ಲಿ ಮಗಳಿದ್ದಾಳೆ. ಮದುವೆಯಾದ ಎರಡು ವರ್ಷಕ್ಕೆ, ಹೋದ ನವೆಂಬರಿನಲ್ಲಿ, ದೊಡ್ಡ ಸೂಟ್‌ಕೇಸ್ ಹಿಡಿದು ಬಂದವಳು ಇನ್ನೂ ಹೋಗಿಲ್ಲ. ಯಾಕೆ ಬಂದೆ ಎಂದರೆ "ಸುಮ್ನೆ" ಎನ್ನುತ್ತಾಳೆ. ಸುಮ್ಮನೆ ಬರುವವರು ನಾಲ್ಕು ದಿನದ ಬಟ್ಟೆ ತರುತ್ತಾರೆ, ಹೊದಿಕೆ ದಿಂಬು ತರುವುದಿಲ್ಲ ಎಂದೆ. ಅವನು ಹೊಡೆದನೋ, ಕುಡಿದನೋ, ಬೇರೆ ಯಾರನ್ನಾದರೂ ಕಟ್ಟಿಕೊಂಡನೋ ಎಂದು ಒಂದೊಂದಾಗಿ ಕೇಳಿದೆ. ಎಲ್ಲದಕ್ಕೂ ಇಲ್ಲ ಎಂದಳು. ಹಾಗಾದರೆ ನಿನಗೇ ಹೊಂದಿಕೊಳ್ಳಲು ಬರಲಿಲ್ಲ ಎಂದೆ. ಅವತ್ತು ಕೋಣೆಯ ಬಾಗಿಲು ಹಾಕಿಕೊಂಡವಳು ಊಟಕ್ಕೆ ಮಾತ್ರ ತೆಗೆಯುತ್ತಾಳೆ. ಒಳಗೆ ಕೂತು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದು ಅವಳ ಕೆಲಸ.

ಕಾಡುಪ್ರಾಣಿಗಳ ಆರೈಕೆ ಕೇಂದ್ರಕ್ಕೆ ಜನ ಬೇಕೆಂಬ ಚೀಟಿಯನ್ನು ಬಸ್ ನಿಲ್ದಾಣದ ಕಂಬದ ಮೇಲೆ ನೋಡಿದೆ. ಹೋಗುತ್ತೇನೆಂದು ಮಗಳಿಗೆ ಹೇಳಿದಾಗ ಅವಳು ತಟ್ಟೆಯಿಂದ ತಲೆಯೆತ್ತಿ "ಪಾಪ, ಪ್ರಾಣಿಗಳು" ಎಂದಳು. ಒಂದು ತಿಂಗಳಿಂದೀಚೆಗೆ ಅವಳು ತಾನಾಗಿ ಆಡಿದ ಮೊದಲ ಮಾತು.

ಮಾರ್ಚ್ 6, ಗುರುವಾರ

ಕೇಂದ್ರದ ಡಾಕ್ಟ್ರು ನನ್ನ ಮಗಳ ವಯಸ್ಸಿನವಳು. ನನ್ನನ್ನು ಆಂಟಿ ಎನ್ನುತ್ತಾಳೆ. ಮೂರು ನಿಯಮ ಹೇಳಿದಳು. ಪ್ರಾಣಿಗಳಿಗೆ ಹೆಸರಿಡಬಾರದು, ನಂಬರು ಮಾತ್ರ. ಕೆಲಸವಿಲ್ಲದೆ ಮುಟ್ಟಬಾರದು. ಅವುಗಳ ಎದುರು ಮಾತಾಡಬಾರದು.

"ಮಾತಾಡಬಾರದು ಅಂದ್ರೆ, ಜೋರಾಗಿ ಮಾತಾಡಬಾರದಾ?"

"ಮಾತಾಡಲೇಬಾರದು, ಆಂಟಿ."

ಕಾರಣ ತೋರಿಸಲು ಹಿಂದಿನ ಸಾಲಿಗೆ ಕರೆದುಕೊಂಡು ಹೋದಳು. ಅಲ್ಲೊಂದು ಮುದಿ ನರಿ. ಯಾರೋ ಪುಣ್ಯಾತ್ಮರು ಅದನ್ನು ಮರಿಯಿದ್ದಾಗ ಮನೆಯಲ್ಲಿಟ್ಟು, ಬಿಸ್ಕತ್ತು ಹಾಕಿ, ಚಿನ್ನಾ ರನ್ನಾ ಎಂದು ಸಾಕಿದ್ದರಂತೆ. ದೊಡ್ಡದಾಗಿ ವಾಸನೆ ಹೊಡೆಯತೊಡಗಿದಾಗ ಪ್ರೀತಿ ಇಳಿದು ಇಲ್ಲಿಗೆ ತಂದು ಬಿಟ್ಟರು. ಇವರು ಎರಡು ಸಲ ಕಾಡಿಗೆ ಬಿಟ್ಟರು. ಎರಡು ಸಲವೂ ಅದು ನೆಟ್ಟಗೆ ಊರಿಗೆ ನಡೆದು, ಮನುಷ್ಯರ ಮಾತು ಕೇಳಿಸಿದ ಮೊದಲ ಮನೆಯ ಬಾಗಿಲು ಕೆರೆಯಿತು. ಎರಡನೆಯ ಮನೆಯವರು ಕಾಲು ಮುರಿದರು. ಈಗ ಗೂಡಿನಲ್ಲಿ ಹನ್ನೆರಡು ಹೆಜ್ಜೆ ಆ ಕಡೆ, ಹನ್ನೆರಡು ಹೆಜ್ಜೆ ಈ ಕಡೆ ನಡೆಯುತ್ತದೆ. ಏಳು ವರ್ಷವಾಯಿತಂತೆ.

"ನಮ್ಮನ್ನ ಕಂಡ್ರೆ ಹೆದರಬೇಕು. ಹೆದರದೇ ಇರೋದನ್ನ ನಾವು ಬಿಡಂಗಿಲ್ಲ. ಬಿಟ್ರೆ ಸಾಯತ್ತೆ, ಬಿಡದೇ ಇದ್ರೆ ಹೀಗೆ" ಎಂದಳು ಡಾಕ್ಟ್ರು.

ಪ್ರಾಣಿಗಳನ್ನು ನೋಡಿಕೊಳ್ಳುವ ಹಿರಿಯರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಾರೆ. ಹಿಂದೆ ಶಾಲೆಯಲ್ಲಿ ಆಟದ ಮೇಷ್ಟ್ರಾಗಿದ್ದರಂತೆ. ಇಲ್ಲಿ ಪೂರ್ತಿ ಕೈಸನ್ನೆ. ನನಗೆ ಪೊರಕೆ ತೋರಿಸಿದರು, ಗೂಡು ತೋರಿಸಿದರು, ತುಟಿಯ ಮೇಲೆ ಬೆರಳಿಟ್ಟರು. ಮೂರನೆಯದನ್ನು ಎರಡು ಸಲ ಮಾಡಿದರು.

ಮಾರ್ಚ್ 14, ಶುಕ್ರವಾರ

ಹದಿನಾರು ಗೂಡು ತೊಳೆದೆ. ಮುಂಗುಸಿ ಉಗಿಯಿತು, ಹದ್ದು ಕುಕ್ಕಿತು, ಒಂದು ಕಾಡುಬೆಕ್ಕು ನನ್ನ ಬೂಟಿನ ಮೇಲೇ ತನ್ನ ಅಭಿಪ್ರಾಯ ಹೇಳಿತು. ತಿರುಗಿ ಏನೂ ಹೇಳುವಂತಿಲ್ಲ. ನಾಲಗೆ ದವಡೆಗೆ ಒತ್ತಿ ಒತ್ತಿ ಸಂಜೆಗೆ ಕಿವಿ ನೋಯತೊಡಗಿತು.

ಮನೆಗೆ ಬಂದು ಎಲ್ಲವನ್ನೂ ಒಟ್ಟಿಗೆ ಸುರಿಯೋಣವೆಂದರೆ ಆಗಲೇ ಎಂಟು ಗಂಟೆ, ಆಕಳಿಕೆ. ಮಗಳು "ಇವತ್ತೇನು, ಹುಷಾರಿಲ್ವಾ?" ಎಂದು ಕೇಳಿದಳು.

ಮಾರ್ಚ್ 22, ಶನಿವಾರ

ನಲವತ್ತೇಳು ಬಂತು. ನರಿಮರಿ, ಅಂಗೈಗಿಂತ ಸ್ವಲ್ಪ ದೊಡ್ಡದು. ತಾಯಿ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿತಂತೆ. ಹಗಲೆಲ್ಲ ಅದರ ಪಕ್ಕದಲ್ಲೇ ಕೂತಿದ್ದ ಮರಿಯನ್ನು ರಸ್ತೆ ಕೆಲಸದವನೊಬ್ಬ ಹೆಲ್ಮೆಟ್ಟಿನಲ್ಲಿ ಹಾಕಿಕೊಂಡು ತಂದ.

ಕೇಂದ್ರದ ನರಿಗಳ ಸಾಲಿನಲ್ಲಿ ಈಗ ಚರ್ಮದ ಕಜ್ಜಿ ಹರಡಿದೆ. ಮರಿಯನ್ನು ಅಲ್ಲಿಟ್ಟರೆ ವಾರದಲ್ಲಿ ಬೋಳಾಗಿ ಸಾಯುತ್ತದಂತೆ. ಯಾರಾದರೂ ಐದು ವಾರ ಮನೆಯಲ್ಲಿ ಇಟ್ಟುಕೊಳ್ಳಬೇಕು. ನಾಯಿ ಬೆಕ್ಕು ಇರಬಾರದು, ಪ್ರತ್ಯೇಕ ಕೋಣೆ ಬೇಕು, ಗದ್ದಲವಿರಬಾರದು. ನಮ್ಮ ಹಿತ್ತಲಿನಲ್ಲಿ ಹಿಂದೆ ಬಾಡಿಗೆಗೆ ಕೊಡುತ್ತಿದ್ದ ಒಂಟಿ ಕೋಣೆಯಿದೆ ಎಂದು ನಾನೇ ಬಾಯಿಬಿಟ್ಟೆ. ಕೋಣೆ ಹೇಗಿದೆಯೆಂದು ಡಾಕ್ಟ್ರು ಕೇಳಲಿಲ್ಲ. ನನ್ನ ಮುಖವನ್ನೇ ಬಹಳ ಹೊತ್ತು ನೋಡಿದಳು.

"ಆಂಟಿ, ಮೇಷ್ಟ್ರು ಹೇಳ್ತಿದ್ರು, ಮೊನ್ನೆ ನೀವು ಪೈಪಿಗೆ ಬೈದ್ರಂತೆ."

"ಪೈಪು ಕಾಡುಪ್ರಾಣಿ ಅಲ್ವಲ್ಲ."

ಬೇರೆ ಯಾರೂ ಸಿಗಲಿಲ್ಲವಾದ್ದರಿಂದ ನನಗೇ ಕೊಟ್ಟರು.

ಮಾರ್ಚ್ 27, ಗುರುವಾರ

ದಿನಕ್ಕೆ ನಾಲ್ಕು ಸಲ ಊಟ. ಗೋಣಿಚೀಲದಂಥ ನಿಲುವಂಗಿ ತೊಟ್ಟು, ಮುಖಕ್ಕೆ ಕಪ್ಪು ಬಲೆ ಹಾಕಿ, ಬಾಗಿಲ ಕೆಳಗಿನ ಕಿಂಡಿಯಿಂದ ಮಾಂಸದ ತಟ್ಟೆ ತಳ್ಳಬೇಕು. ಕನ್ನಡಿಯಲ್ಲಿ ನೋಡಿಕೊಂಡೆ. ಮರಿಯ ಮಾತಿರಲಿ, ಯಮನೂ ಹೆದರಬೇಕು.

ಅಡುಗೆಮನೆಯ ಕಿಟಕಿ ಆ ಕೋಣೆಗೆ ಎದುರು. ಆದ್ದರಿಂದ ಅಡುಗೆಮನೆಯಲ್ಲೂ ಮಾತು ಬಂದ್. ಮಗಳು ಬರೆದು ಬಿಸಾಕಿದ ಚಿತ್ರದ ಹಾಳೆಗಳ ಹಿಂದೆ ಚೀಟಿ ಬರೆದು ಮೇಜಿನ ಮೇಲಿಡುತ್ತೇವೆ. ಮೊದಲ ದಿನ ನಾನು ಅರ್ಧ ಪುಟ ಬರೆದೆ: ಗ್ಯಾಸ್ ಬರುತ್ತದೆ, ಮಾಳಿಗೆಯ ಬಟ್ಟೆ ತೆಗೆ, ನಿನ್ನ ಕಣ್ಣ ಕೆಳಗೆ ಕಪ್ಪಾಗಿದೆ, ಹೀಗೇ ಕೂತರೆ ಮುಂದೇನು, ಅವರ ಮನೆಗೆ ಒಂದು ಫೋನಾದರೂ ಮಾಡು. ಅವಳು ಕೆಳಗೆ "ಬಟ್ಟೆ ತೆಗೆದಿದ್ದೇನೆ" ಎಂದಷ್ಟೇ ಬರೆದಳು.

ಬರೆದರೆ ಬೆರಳು ನೋಯುತ್ತದೆ. ಬುದ್ಧಿವಾದಗಳಲ್ಲಿ ತೀರಾ ಅಗತ್ಯವಾದದ್ದನ್ನು ಮಾತ್ರ ಬರೆಯೋಣವೆಂದು ಆರಿಸಲು ಕೂತೆ. ಇವತ್ತಿನ ಚೀಟಿಯಲ್ಲಿ "ಮೊಟ್ಟೆ ತಾ" ಎಂದು ಮಾತ್ರ ಉಳಿಯಿತು.

ಏಪ್ರಿಲ್ 2, ಬುಧವಾರ

ಚೀಟಿಯಲ್ಲಿ ಮಗಳು ಬರೆದಿದ್ದು: "ಅದಕ್ಕೆ ಬಲಗಿವಿಯ ತುದಿಯಲ್ಲಿ ಬಿಳಿ ಇದೆ." ಪಕ್ಕದಲ್ಲಿ ಒಂದು ಕಿವಿಯ ಚಿತ್ರ. ದೂರದಿಂದ ನೋಡಿದೆ ಎಂದು ಕೆಳಗೆ ಬೇರೆ ಸೇರಿಸಿದ್ದಾಳೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ನಾನು ಕೇಳಿಯೇ ಇರಲಿಲ್ಲ.

ಏಪ್ರಿಲ್ 9, ಬುಧವಾರ

ಇವತ್ತು ಕೇಂದ್ರದಲ್ಲಿ ಪಂಪು ಕೆಟ್ಟು ಮಧ್ಯಾಹ್ನವೇ ಕಳಿಸಿದರು. ಬಸ್ಸಿಳಿದು ಹಿಂದಿನ ಓಣಿಯಿಂದ ಬಂದೆ. ಹಿತ್ತಲ ಬಾಗಿಲಿಗೆ ಕೈ ಹಾಕಿದಾಗ ಒಳಗೆ ಮಾತು ಕೇಳಿಸಿತು. ಫೋನಿರಬೇಕು ಎಂದುಕೊಂಡೆ. ಸಂದಿಯಲ್ಲಿ ನೋಡಿದರೆ ಮಗಳು ನರಿಯ ಕೋಣೆಯ ಜಾಲರಿ ಕಿಟಕಿಯ ಕೆಳಗೆ ಬಕೆಟ್ ಬೋರಲು ಹಾಕಿಕೊಂಡು ಕೂತಿದ್ದಾಳೆ. ಜಾಲರಿಯ ಆ ಕಡೆ ಎರಡು ಕಿವಿ.

"ಹೊಡೆದಿದ್ರೆ ಹೇಳೋದು ಸುಲಭ ಆಗ್ತಿತ್ತು ಕಣೋ" ಎನ್ನುತ್ತಿದ್ದಳು. "ಹೊಡೀಲಿಲ್ಲ, ಬೈಲಿಲ್ಲ. ನಾನು ಬಾಯಿ ತೆಗೆದ್ರೆ ನಗೋರು, ಅಷ್ಟೆ. ಊಟಕ್ಕೆ ಕೂತಾಗ ನಾನೇನಾದ್ರೂ ಹೇಳಿದ್ರೆ ಅವರು, ಅವರಮ್ಮ, ಅವರ ತಮ್ಮ, ಮೂರು ಜನಾನೂ ಒಬ್ಬರ ಮುಖ ಒಬ್ಬರು ನೋಡ್ಕೊಳ್ಳೋರು. ಆಮೇಲೆ ನಾನು ಮಾತಾಡೋದೇ ಬಿಟ್ಟೆ. ಒಂದ್ಸಲ ಹನ್ನೊಂದು ದಿನ ಒಂದು ಮಾತೂ ಆಡಿಲ್ಲ, ಎಣಿಸಿದೀನಿ. ಯಾರಿಗೂ ಗೊತ್ತೇ ಆಗ್ಲಿಲ್ಲ."

ನಾನು ಚೀಲ ಹಿಡಿದು ನಿಂತೇ ಇದ್ದೆ.

"ಅಮ್ಮಂಗೆ ಹೇಳೋಣ ಅಂದ್ರೆ, ನಾನು ಶುರು ಮಾಡೋ ಅಷ್ಟೊತ್ತಿಗೆ ಅವಳು ತೀರ್ಪು ಕೊಟ್ಟು, ಕೈ ತೊಳ್ಕೊಂಡು ಎದ್ದಿರ್ತಾಳೆ. ನೀನೇ ವಾಸಿ. ಕಿವಿ ನೆಟ್ಟಗೆ ಮಾಡ್ಕೊಂಡು ಕೂತಿರ್ತೀಯ."

ತಕ್ಷಣ ಒಳಗೆ ನುಗ್ಗಿ ನಿಲ್ಲಿಸಬೇಕಿತ್ತು. ಡಾಕ್ಟ್ರು ಅಷ್ಟು ಬಿಡಿಸಿ ಹೇಳಿದ್ದಳು, ಮುದಿ ನರಿಯನ್ನು ಕಣ್ಣಾರೆ ತೋರಿಸಿದ್ದಳು. ನಾನು ಮಾತ್ರ ಸದ್ದಾಗದಂತೆ ಹಿಂದೆ ಸರಿದು, ಸುತ್ತು ಹಾಕಿ ಮುಂದಿನ ಗೇಟಿಗೆ ಬಂದು, ಗೇಟನ್ನು ಬೇಕೆಂದೇ ಎರಡು ಸಲ ಬಡಿದೆ. ಒಳಗೆ ಹೋಗುವಷ್ಟರಲ್ಲಿ ಅವಳು ತನ್ನ ಕೋಣೆಯಲ್ಲಿದ್ದಳು, ಬಾಗಿಲು ಹಾಕಿತ್ತು.

ಬಚ್ಚಲಿಗೆ ಹೋಗಿ ಅತ್ತೆ. ಇಲ್ಲಿ ಬರೆದರೇನು, ಓದುವವರು ಯಾರಿದ್ದಾರೆ. ಹನ್ನೊಂದು ದಿನ! ಆ ದಿನಗಳಲ್ಲೂ ನಾನು ಅವಳಿಗೆ ಫೋನ್ ಮಾಡಿರಬೇಕು. ಬರೀ ನಾನೇ ಮಾತಾಡಿರಬೇಕು. ನನಗೂ ಗೊತ್ತಾಗಲಿಲ್ಲ.

ಏಪ್ರಿಲ್ 12, ಶನಿವಾರ

"ಬಸ್ಸು ತಡವಾಯಿತು" ಎಂದು ಚೀಟಿ ಬರೆದಿಟ್ಟೆ. ಬಸ್ಸು ತಡವಾಗಿರಲಿಲ್ಲ. ಮುಕ್ಕಾಲು ಗಂಟೆ ನಿಲ್ದಾಣದ ಬೆಂಚಿನಲ್ಲಿ ಕೂತು ಆ ಪೆಟ್ಟಿಗೆಯ ಹುಡುಗಿ ಕೂಗುವುದನ್ನು ಕೇಳಿದೆ. ನಾಲ್ಕನೆಯ ಅಂಕಣದ ಬಸ್ಸನ್ನು ಆರನೆಯದು ಎಂದಳು. ಯಾರೂ ಓಡಲಿಲ್ಲ, ಎಲ್ಲರೂ ಫೋನು ನೋಡುತ್ತಿದ್ದರು.

ಏಪ್ರಿಲ್ 17, ಗುರುವಾರ

ಇವತ್ತೂ ಬಸ್ಸು ತಡ. ಈ ವಾರ ಸಾರಿಗೆ ವ್ಯವಸ್ಥೆ ಪೂರ್ತಿ ಕುಸಿದುಬಿದ್ದಿದೆ.

ಒಂದು ಸಣ್ಣ ಪ್ರಾಣಿ, ಸಣ್ಣದಾಗಿ ಆಡಿದ ಮಾತು, ಇನ್ನು ಹತ್ತು ದಿನ. ಅಷ್ಟರಲ್ಲಿ ಏನು ಮಹಾ ಕೆಡುತ್ತದೆ? ಹೀಗೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಬಿಸ್ಕತ್ತು ಹಾಕಿದ ಆ ಪುಣ್ಯಾತ್ಮರೂ ಇದನ್ನೇ ಹೇಳಿಕೊಂಡಿರುತ್ತಾರೆ.

ಮಗಳು ಇವತ್ತು ಊಟಕ್ಕೆ ಎರಡನೆಯ ಸಲ ಬಡಿಸಿಕೊಂಡಳು.

ಏಪ್ರಿಲ್ 28, ಸೋಮವಾರ

ನಲವತ್ತೇಳನ್ನು ವಾಪಸು ಒಪ್ಪಿಸಿದೆ. ಕಜ್ಜಿಯ ಸಾಲು ಸ್ವಚ್ಛವಾಗಿದೆ. ಮಣ್ಣು, ಪೊದೆ, ಬಿಲ ಎಲ್ಲ ಇರುವ ದೊಡ್ಡ ಆವರಣದಲ್ಲಿ ಬಿಟ್ಟರು. ತೂಕ ನೋಡಿ ಡಾಕ್ಟ್ರು ನನ್ನ ಬೆನ್ನು ತಟ್ಟಿದಳು. ಮೇಷ್ಟ್ರು ಎರಡೂ ಹೆಬ್ಬೆರಳು ಎತ್ತಿದರು. ನಾನು ನೆಲ ನೋಡಿದೆ.

ಮೇ 5, ಸೋಮವಾರ

ಇವತ್ತು ಪರೀಕ್ಷೆ. ನಿಲುವಂಗಿಯಿಲ್ಲದೆ ಒಬ್ಬರು ಆವರಣದೊಳಗೆ ಹೋಗಿ ಮಾತಾಡಬೇಕು, ಮರಿ ಓಡಿ ಬಿಲ ಸೇರಬೇಕು. ಹೊಸದಾಗಿ ಸೇರಿದ ಕಾಲೇಜು ಹುಡುಗಿಯನ್ನು ಕಳಿಸಿದರು. ಅವಳು ಮೆಲ್ಲಗೆ "ಏನಪ್ಪಾ, ಚೆನ್ನಾಗಿದೀಯಾ?" ಎಂದಳು. ಮರಿ ಪೊದೆಯಿಂದ ಹೊರಗೆ ಬಂತು. ಮೂರಡಿ ದೂರದಲ್ಲಿ ಕೂತು, ಕಿವಿ ನೆಟ್ಟಗೆ ಮಾಡಿ, ಮುಂದೇನು ಎಂಬಂತೆ ಅವಳನ್ನೇ ನೋಡಿತು.

ಯಾರಿಗೂ ನಗು ಬರಲಿಲ್ಲ. ಡಾಕ್ಟ್ರು ಪುಸ್ತಕ ಮುಚ್ಚಿದಳು.

"ಯಾರೋ ಇದರ ಹತ್ರ ಮಾತಾಡಿದಾರೆ. ಒಂದು ದಿನ ಎರಡು ದಿನ ಅಲ್ಲ."

ಎಲ್ಲರೂ ನನ್ನತ್ತ ತಿರುಗಿದರು. ಬಾಯಿಬಡುಕಿ ಎಂದು ಹಣೆಯ ಮೇಲೆ ಬರೆಸಿಕೊಂಡು ಬಂದವಳು ಇನ್ಯಾರಿದ್ದಾರೆ. ಐವತ್ನಾಲ್ಕು ವರ್ಷದಲ್ಲಿ ಮೊದಲ ಸಲ ನಾನು ಐದು ವಾರ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಅದಕ್ಕೊಂದು ಪದಕ ಕೊಡಬೇಕಿತ್ತು.

"ನಾನೇ" ಎಂದೆ.

"ಆಂಟಿ, ನಿಮ್ಮನ್ನ ನಂಬಿ ಕೊಟ್ಟಿದ್ದೆ."

ಅವಳು ಬೈದಿದ್ದರೆ ನಾನೂ ತಿರುಗಿಸಿ ನಾಲ್ಕು ಮಾತು ಆಡಬಹುದಿತ್ತು. ಅವಳು ಮುದಿ ನರಿಯ ಪಕ್ಕದ ಖಾಲಿ ಗೂಡನ್ನು ತೋರಿಸಿದಳು, ಅಷ್ಟೆ. ಜುಲೈ ಮುಗಿಯುವವರೆಗೆ ಸಮಯ. ಅಷ್ಟರಲ್ಲಿ ಮನುಷ್ಯರ ದನಿಗೆ ಹೆದರುವುದನ್ನು ಕಲಿಯದಿದ್ದರೆ ನಲವತ್ತೇಳು ಜೀವಮಾನವಿಡೀ ಅಲ್ಲಿರುತ್ತದೆ.

ಮೇ 8, ಗುರುವಾರ

ಕೆಡಿಸಿದವಳೇ ಸರಿಪಡಿಸಬೇಕಂತೆ. ದಿನವೂ ಒಳಗೆ ಹೋಗಿ, ತಗಡಿನ ಡಬ್ಬ ಬಡಿದು, ನೀರೆರಚಿ, ಗಂಟಲು ಹರಿಯುವಂತೆ ಕೂಗುವುದು. ಕೊನೆಗೂ ನನ್ನ ವಿದ್ಯೆಗೆ ತಕ್ಕ ಕೆಲಸ ಸಿಕ್ಕಿತು. ಮೊದಲ ಕೂಗಿಗೇ ಮರಿ ಮಣ್ಣು ಹಾರಿಸುತ್ತಾ ಬಿಲ ಸೇರಿತು. ಮೇಷ್ಟ್ರು ಕಿವಿಯಿಂದ ಬೆರಳು ತೆಗೆದು "ಮೇಡಂ, ನಿಮ್ಮಂಥೋರು ನಮ್ ಶಾಲೇಲಿ ಇರಬೇಕಿತ್ತು" ಎಂದರು. ಅವರ ದನಿ ಕೇಳಿದ್ದು ಇದೇ ಮೊದಲು, ಕೀಚಲು ದನಿ.

ಅಷ್ಟು ಪುಟ್ಟ ಬೆನ್ನು ನಡುಗುವುದನ್ನು ನೋಡಿ ಮನೆಗೆ ಬಂದೆ. ಊಟ ಸೇರಲಿಲ್ಲ.

ಮೇ 19, ಸೋಮವಾರ

ಸಿಕ್ಕಿಬಿದ್ದೆ. ನನ್ನ ಹೆಜ್ಜೆಯ ಸದ್ದಿಗೇ ಮರಿ ಓಡುತ್ತದೆ, ಮೇಷ್ಟ್ರು ಕೆಮ್ಮಿದರೂ ಓಡುತ್ತದೆ. ಆದರೆ ಕಾಲೇಜು ಹುಡುಗಿ ಮೆಲ್ಲಗೆ ಮಾತಾಡಿದರೆ ಇವತ್ತಿಗೂ ಬಂದು ಕೂರುತ್ತದೆ. ಡಾಕ್ಟ್ರು ನನ್ನನ್ನು ಔಷಧಿ ಕೋಣೆಗೆ ಕರೆದಳು.

"ನಿಮ್ಮ ದನಿ ಅದಕ್ಕೆ ಗೊತ್ತೇ ಇರಲಿಲ್ಲ. ಮಾತಾಡಿದ್ದು ನೀವಲ್ಲ."

ನಾನು ಸಿರಿಂಜುಗಳನ್ನು ಎಣಿಸಿದೆ.

"ಮೆತ್ತಗಿನ ದನಿ, ಹೆಣ್ಣು ದನಿ. ಯಾರು ಅಂತ ನಾನು ಕೇಳಲ್ಲ. ಆದ್ರೆ ಯಾರ ದನಿಗೆ ಅದು ಬರತ್ತೋ ಅವರೇ ಬಂದು ಹೆದರಿಸಬೇಕು. ನೀವು ಎಷ್ಟು ಕೂಗಿದ್ರೂ ಅದು ನಿಮಗೆ ಮಾತ್ರ ಹೆದರತ್ತೆ. ಎಲ್ಲರೂ ನಿಮ್ಮ ಥರ ಕೂಗಲ್ಲ ಅಲ್ವಾ, ಆಂಟಿ. ನಾಳೆ ಯಾವುದೋ ಮನೇಲಿ ಯಾವಳೋ ತಾಯಿ ಮಗೂನ ಮಲಗಿಸ್ತಿರ್ತಾಳೆ, ಇದು ಹೋಗಿ ಬಾಗಿಲು ಕೆರೆಯತ್ತೆ."

ಮಗಳಿಗೆ ಹೇಳಬೇಕು. ಹೇಳಿದರೆ, ನಾನು ಕದ್ದು ಕೇಳಿದ್ದೂ ಹೇಳಬೇಕು. ಅವಳು ಈಗ ಬಾಗಿಲನ್ನು ಅರ್ಧ ತೆಗೆದಿಟ್ಟು ಕೆಲಸ ಮಾಡುತ್ತಾಳೆ. ನಾನೇ ಅದನ್ನು ಮತ್ತೆ ಮುಚ್ಚಿಸಬೇಕು.

ಮೇ 20, ಮಂಗಳವಾರ

ಚೀಟಿ ಬರೆಯಲು ಕೂತೆ. ನಾಲ್ಕು ಹಾಳೆ ಹರಿದೆ. ಕೊನೆಗೆ ಊಟದ ಮೇಜಿನಲ್ಲಿ ಬಾಯಲ್ಲೇ ಹೇಳಿದೆ.

"ನೀನು ಅದರ ಹತ್ರ ಮಾತಾಡಿದ್ದು ಕೇಳಿಸ್ಕೊಂಡೆ."

"ಎಷ್ಟು ದಿನ?"

"ಒಂದು ದಿನ. ಮಿಕ್ಕ ದಿನ ಬಸ್ ನಿಲ್ದಾಣದಲ್ಲಿ ಕೂತಿರ್ತಿದ್ದೆ."

"ಯಾಕೆ?"

"ನೀನು ಮಾತಾಡ್ಲಿ ಅಂತ."

"ಅದು ಹಾಳಾಗತ್ತೆ ಅಂತ ಗೊತ್ತಿದ್ದೂ?"

"ಗೊತ್ತಿತ್ತು."

ಖಾಲಿ ಗೂಡಿನ ವಿಷಯ, ಜುಲೈ ವಿಷಯ, ಡಾಕ್ಟ್ರು ಹೇಳಿದ್ದು, ಎಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, ತಟ್ಟೆ ತೊಳೆದಿಟ್ಟು, ಒಳಗೆ ಹೋದಳು. ಚಿಲಕ ಹಾಕಿದ ಸದ್ದು ಬಂತು.

ಮೇ 21, ಬುಧವಾರ

ಬಾಗಿಲು ತೆಗೆಯಲಿಲ್ಲ.

ಮೇ 22, ಗುರುವಾರ

ತೆಗೆಯಲಿಲ್ಲ. ಬಾಗಿಲ ಹೊರಗೆ ತಟ್ಟೆ ಇಟ್ಟು ಬಂದೆ. ಬಡಿಯಲಿಲ್ಲ, ಕರೆಯಲಿಲ್ಲ. ನರಿಮರಿಯ ಅಭ್ಯಾಸ.

ಮೇ 24, ಶನಿವಾರ

ಡಬ್ಬ ತೆಗೆದುಕೊಂಡು ಆವರಣಕ್ಕೆ ಹೊರಟಿದ್ದೆ. ಕೇಂದ್ರದ ಗೇಟಿನಲ್ಲಿ ಮಗಳು ನಿಂತಿದ್ದಳು. ನನ್ನನ್ನು ನೋಡಲಿಲ್ಲ, ಡಾಕ್ಟ್ರ ಹತ್ತಿರ ಹೋಗಿ "ಮಾತಾಡಿದ್ದು ನಾನು" ಎಂದಳು. ಮೇಷ್ಟ್ರು ಬೂಟು ತಂದುಕೊಟ್ಟರು. ಎರಡು ಅಳತೆ ದೊಡ್ಡದು.

ಅವಳು ಒಳಗೆ ಹೋದದ್ದೇ ತಡ, ಮರಿ ಪೊದೆಯಿಂದ ಓಡಿಬಂತು. ತಿಂಗಳಾಗಿತ್ತಲ್ಲ ನೋಡಿ. ಬಾಲ ಬಡಿಯುತ್ತಾ ಅವಳ ಬೂಟಿನ ಸುತ್ತ ಒಂದು ಸುತ್ತು ಹಾಕಿ, ಎದುರಿಗೆ ಕೂತು, ಕಿವಿ ನೆಟ್ಟಗೆ ಮಾಡಿತು. ಅವಳು ಡಬ್ಬವನ್ನು ಒಂದು ಸಲ ಬಡಿದಳು. ಅದು ಒಂದು ಹೆಜ್ಜೆ ಹಿಂದೆ ಹೋಗಿ ಮತ್ತೆ ಬಂದು ಕೂತಿತು. ಅವಳು ಜಾಲರಿಯ ಈ ಕಡೆ ನಿಂತಿದ್ದ ನನ್ನನ್ನು ನೋಡಿದಳು. ಹೇಗೆ ಕೂಗಬೇಕು, ಹೊಟ್ಟೆಯಿಂದ ಉಸಿರು ಹೇಗೆ ತೆಗೆಯಬೇಕು, ಡಬ್ಬವನ್ನು ಎಲ್ಲಿ ಹಿಡಿಯಬೇಕು, ಹೇಳಿಕೊಡಲು ನನ್ನ ಹತ್ತಿರ ಇಪ್ಪತ್ತೊಂಬತ್ತು ವರ್ಷದ ಅನುಭವವಿತ್ತು. ಜಾಲರಿ ಹಿಡಿದು ನಿಂತೆ.

ಇವತ್ತು ಆಗಲಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲೇ ಕೂತಳು, ಕಿಟಕಿಯ ಕಡೆ ತಿರುಗಿ.

ಮೇ 27, ಮಂಗಳವಾರ

ನಾಲ್ಕನೆಯ ದಿನಕ್ಕೆ ಕೂಗಿದಳು. "ಬರಬೇಡ! ನನ್ನ ಹತ್ರ ಬರಬೇಡ! ಹೋಗು ಅಂದ್ರೆ ಹೋಗು!" ಎಂದು ಡಬ್ಬವನ್ನೇ ಬೀಸಿ ಒಗೆದಳು. ಆ ದನಿ ಅವಳಿಗೆ ನನ್ನಿಂದಲೇ ಬಂದಿರಬೇಕು. ಇಷ್ಟು ವರ್ಷ ಎಲ್ಲಿಟ್ಟಿದ್ದಳೋ ಗೊತ್ತಿಲ್ಲ. ಮರಿ ನೆಲಕ್ಕೆ ಅಂಟಿಕೊಂಡು, ಉಚ್ಚೆ ಹೊಯ್ದುಕೊಂಡು, ಆಮೇಲೆ ಓಡಿತು.

ಅವಳು ಹೊರಗೆ ಬಂದು ನಲ್ಲಿಯ ಹತ್ತಿರ ಬಹಳ ಹೊತ್ತು ನೀರು ಬಿಟ್ಟುಕೊಂಡು ನಿಂತಳು. ಮುಖ ತೊಳೆಯುವುದು ಅಷ್ಟು ಹೊತ್ತಿನ ಕೆಲಸವಲ್ಲ. ನಾನು ಟವೆಲ್ ಹಿಡಿದುಕೊಂಡು ಪಕ್ಕದಲ್ಲಿ ನಿಂತೆ. ಅಳಬೇಡ ಎನ್ನಬಹುದಿತ್ತು, ಇದು ಅದರ ಒಳ್ಳೆಯದಕ್ಕೇ ಎನ್ನಬಹುದಿತ್ತು. ಟವೆಲ್ ಬಹಳ ಒದ್ದೆಯಾಗಿತ್ತು, ಬೇರೆಯದು ತಂದೆ.

ಜೂನ್ 11, ಬುಧವಾರ

ದಿನವೂ ಇಬ್ಬರೂ ಒಂದೇ ಬಸ್ಸಿಗೆ ಹೋಗುತ್ತೇವೆ. ಅವಳು ಕೂಗುತ್ತಾಳೆ, ನಾನು ಗೂಡು ತೊಳೆಯುತ್ತೇನೆ. ಮೇಷ್ಟ್ರು ಅವಳಿಗೆ ಕೈಸನ್ನೆ ಭಾಷೆ ಕಲಿಸಿದ್ದಾರೆ. ಇಬ್ಬರೂ ನನ್ನ ಬೆನ್ನ ಹಿಂದೆ ಏನೋ ಸನ್ನೆ ಮಾಡಿ ನಗುತ್ತಾರೆ. ಬೈಯೋಣವೆಂದರೆ ಎದುರಿಗೇ ಗೂಡುಗಳು. ನನ್ನ ಪರಿಸ್ಥಿತಿಯನ್ನು ಎಲ್ಲರೂ ದುರುಪಯೋಗಪಡಿಸಿಕೊಳ್ಳುತ್ತಿದ್ದಾರೆ.

ಇವತ್ತು ಪೆಟ್ಟಿಗೆಯ ಹುಡುಗಿ ನಮ್ಮ ಬಸ್ಸಿನ ಅಂಕಣ ತಪ್ಪು ಹೇಳಿದಳು. ಮಗಳು "ನೀನಿದ್ದಾಗ ಹೀಗಾಗ್ತಿರ್ಲಿಲ್ಲ" ಎಂದಳು. ಮೈಕ್ ಕೈಲಿಲ್ಲದ ಕಾರಣ ನಾನು ಏನೂ ಹೇಳಲಿಲ್ಲ.

ಜುಲೈ 25, ಶುಕ್ರವಾರ

ಕೊನೆಯ ಪರೀಕ್ಷೆ. ನಲವತ್ತೇಳು ಈಗ ಮರಿಯಲ್ಲ, ಉದ್ದ ಕಾಲಿನ ಪುಂಡ. ಕೂಗಿದರೆ ಮಾತ್ರ ಓಡಿದರೆ ಸಾಲದು ಎಂದಳು ಡಾಕ್ಟ್ರು. ಮಗಳತ್ತ ತಿರುಗಿ, "ನೀವು ಮೊದಲು ಯಾವ ದನೀಲಿ ಮಾತಾಡ್ತಿದ್ರೋ ಅದೇ ದನೀಲಿ ಮಾತಾಡಿ. ನಿಜವಾಗಿ ಮಾತಾಡಿ. ನಾಟಕ ಅದಕ್ಕೆ ಗೊತ್ತಾಗತ್ತೆ" ಎಂದಳು.

ಮಗಳು ಬೂಟು ಬಿಚ್ಚಿ ಒಳಗೆ ಹೋಗಿ ನೆಲದ ಮೇಲೆ ಕೂತಳು. ನಾವು ಮೂವರು ಜಾಲರಿಯ ಹೊರಗೆ. ಅವಳು ಶುರು ಮಾಡಿದಳು.

"ನಾನು ಮನೆ ಬಿಟ್ಟು ಬಂದ ದಿನ ಏನಾಯ್ತು ಅಂತ ನಿನಗೆ ಹೇಳೇ ಇಲ್ಲ, ಅಲ್ವಾ?"

ಪೊದೆಯ ಹಿಂದೆ ಕಿವಿ ಕಂಡಿತು. ಬಲಗಿವಿ, ಬಿಳಿ ತುದಿ. ಬರಬೇಡವೋ ಮಹಾರಾಯ ಎಂದು ಮನಸ್ಸಿನಲ್ಲೇ ಕೂಗಿಕೊಂಡೆ.

"ಅವತ್ತು ಬೆಳಿಗ್ಗೆ ನಾನು ಚಹಾ ಮಾಡ್ತಿದ್ದೆ. ಅವರು ಅಡುಗೆಮನೆಗೆ ಬಂದ್ರು. ಬಂದು..."

ನರಿ ಮುಂದಿನ ಕಾಲು ಎತ್ತಿತು. ಅವಳನ್ನೇ ನೋಡುತ್ತಾ ಒಂದಿಷ್ಟು ಹೊತ್ತು ನಿಂತಿತು. ಆಮೇಲೆ ಬೆನ್ನು ತಿರುಗಿಸಿ ಒಂದೇ ನೆಗೆತಕ್ಕೆ ಬಿಲದೊಳಗೆ ಹೋಯಿತು. ಹತ್ತು ನಿಮಿಷ ಕಾದರೂ ಹೊರಗೆ ಬರಲಿಲ್ಲ.

ಡಾಕ್ಟ್ರು ಪುಸ್ತಕದಲ್ಲಿ "ಬಿಡಬಹುದು" ಎಂದು ಬರೆದು ಸಹಿ ಮಾಡಿದಳು. ಮೇಷ್ಟ್ರು ಸದ್ದಿಲ್ಲದೆ ಕುಣಿದರು. ಒಳಗೆ ಮಗಳು ಆ ಬಿಲವನ್ನು ನೋಡುತ್ತಾ ಕೂತೇ ಇದ್ದಳು. ಅವಳ ಮಾತು ಕೇಳಲು ಪ್ರಪಂಚದಲ್ಲಿ ಒಂದು ಜೀವವಿತ್ತು, ಅದಕ್ಕೆ ಅವಳೇ ಓಡಿ ಹೋಗಲು ಕಲಿಸಿದಳು. ನಾವು ಗೆದ್ದೆವಂತೆ. ಬಸ್ಸಿನಲ್ಲಿ, ಅವನು ಅಡುಗೆಮನೆಗೆ ಬಂದ ಮೇಲೆ ಏನಾಯಿತು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ, ಬಸ್ಸಿನಲ್ಲಿ ಜನ ಬಹಳ.

ಆಗಸ್ಟ್ 3, ಭಾನುವಾರ

ಬೆಳಿಗ್ಗೆ ಕೇಂದ್ರದ ಜೀಪಿನಲ್ಲಿ ಕುರುಚಲು ಕಾಡಿನ ಅಂಚಿಗೆ ಹೋದೆವು. ಪೆಟ್ಟಿಗೆಯ ಬಾಗಿಲು ಎತ್ತಿದರು. ನಾಲ್ಕೂವರೆ ತಿಂಗಳು ಕೋಳಿ, ಮೊಟ್ಟೆ ತಿಂದು, ನಮ್ಮೆಲ್ಲರ ನಿದ್ದೆ ಕೆಡಿಸಿದ ಮಹಾಶಯ ನಮ್ಮ ಕಡೆ ತಲೆಯನ್ನೂ ತಿರುಗಿಸದೆ ಓಡಿದ. ಹುಲ್ಲು ಸ್ವಲ್ಪ ದೂರ ಅಲ್ಲಾಡಿತು, ಆಮೇಲೆ ಅದೂ ನಿಂತಿತು. ಇಷ್ಟಕ್ಕೆ ನಾನು ಪೂರ್ತಿ ಒಂದು ಕರವಸ್ತ್ರ ಒದ್ದೆ ಮಾಡಿದೆ.

ಮಗಳು ಜೀಪು ಹತ್ತಲಿಲ್ಲ. ನಡೆದು ಬರುತ್ತೇನೆ ಎಂದಳು. ನಾನೂ ಇಳಿದೆ. ಡಾಕ್ಟ್ರು ಹಾರ್ನ್ ಹೊಡೆದಳು, ನೀವು ಹೋಗಿ ಎಂದು ಸನ್ನೆ ಮಾಡಿದೆ. ಜೀಪಿನ ಧೂಳಿನ ಹಿಂದೆ ಇಬ್ಬರೂ ನಡೆದೆವು.

"ಅವತ್ತು ಬೆಳಿಗ್ಗೆ ನಾನು ಚಹಾ ಮಾಡ್ತಿದ್ದೆ ಅಂದ್ನಲ್ಲ, ಅಮ್ಮ."

ಚಹಾ ಎಂದ ಕೂಡಲೇ ನನ್ನ ನಾಲಗೆಯ ತುದಿಗೆ ಮೂರು ಮಾತು ಬಂದವು, ಮೂರೂ ಬಹಳ ಒಳ್ಳೆಯ ಮಾತುಗಳು. ಆದರೆ ಧೂಳಿತ್ತು, ಬಾಯಿ ತೆರೆಯುವ ಹಾಗಿರಲಿಲ್ಲ.

ಮನೆ ಸೇರಲು ಎರಡು ಗಂಟೆ ಹಿಡಿಯಿತು. ಅವಳು ಪೂರ್ತಿ ಹೇಳಿದಳು. ಏನು ಹೇಳಿದಳೆಂದು ಇಲ್ಲಿ ಬರೆಯುವುದಿಲ್ಲ. ಅದು ನನಗೆ ಹೇಳಿದ್ದು.